ಶೆಟ್ಟಿಹಳ್ಳಿ ಚರ್ಚ್: ಇದು ತೇಲೋದಿಲ್ಲ, ವರ್ಷಾ ವರ್ಷ ಮುಳುಗಿ ಏಳುತ್ತೆ

ಹಾಸನ: ಮೊಬೈಲ್‌ನಲ್ಲಿ ‘ತೇಲುವ ಚರ್ಚ್’ ಅಂತ ಹುಡುಕಿದರೆ ಮೊದಲು ಸಿಗೋದು ನಮ್ಮ ಶೆಟ್ಟಿಹಳ್ಳಿಯ ರೋಸರಿ ಚರ್ಚ್. ಹೆಸರು ಕೇಳೋಕೆ ಚೆಂದ, ಆದರೆ ತಪ್ಪು. ಚರ್ಚ್ ಎಲ್ಲೂ ತೇಲ್ತಿಲ್ಲ, ನೆಲದ ಮೇಲೇ ಗಟ್ಟಿಯಾಗಿ ನಿಂತಿದೆ. ಮಳೆಗಾಲದಲ್ಲಿ ಹೇಮಾವತಿ ಜಲಾಶಯದ ಹಿನ್ನೀರು ಏರಿ ಬಂದು ಅದನ್ನು ಮುಳುಗಿಸುತ್ತೆ, ಬೇಸಿಗೆಗೆ ಬಿಟ್ಟು ಹೋಗುತ್ತೆ. ಈ ಏರಿಳಿತವೇ ಕಟ್ಟಡದ ಆಯಸ್ಸು ತಿನ್ನುತ್ತಿರೋದು.

ಹಾಸನ ನಗರದಿಂದ ಸುಮಾರು 20 ಕಿ.ಮೀ. ದೂರದ ಈ ಚರ್ಚನ್ನು ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದರು. ಆಗ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿ. ಮೈಸೂರು ಸಂಸ್ಥಾನವೂ ಬ್ರಿಟಿಷ್ ಕಮಿಷನರ್‌ಗಳ ಕೈಯಲ್ಲಿತ್ತು. 1831ರಿಂದ 1881ರವರೆಗೆ ಅವರದ್ದೇ ಆಡಳಿತ. ಆದರೆ ಈ ಭಾಗದ ಕ್ಯಾಥೋಲಿಕ್ ಚರ್ಚುಗಳನ್ನು ನೋಡಿಕೊಳ್ಳುತ್ತಿದ್ದವರು ಇಂಗ್ಲಿಷರಲ್ಲ, ಪ್ಯಾರಿಸ್‌ನ ವಿದೇಶಿ ಮಿಷನ್ ಸಂಸ್ಥೆಯ ಪಾದ್ರಿಗಳು. ರೋಸರಿ ಅಂದರೆ ಜಪಮಾಲೆ. ಮೇರಿ ಮಾತೆಯ ಆ ಹೆಸರನ್ನೇ ಚರ್ಚಿಗೆ ಇಟ್ಟರು.

ವಿಕ್ಟೋರಿಯಾ ಕಾಲದಲ್ಲಿ ಚರ್ಚ್ ಕಟ್ಟುವವರಿಗೆ ಗಾಥಿಕ್ ಶೈಲಿ ಅಂದರೆ ಪ್ರಾಣ. ಇಂಗ್ಲೆಂಡಿನ ಹಳ್ಳಿಯಿಂದ ಹಿಡಿದು ಬೆಂಗಳೂರಿನ ದಂಡು ಪ್ರದೇಶದವರೆಗೆ ಅದೇ ಫ್ಯಾಷನ್. ಮೈಸೂರಿನ ಸಂತ ಫಿಲೋಮಿನಾ ಚರ್ಚ್ ನೋಡಿದವರಿಗೆ ಈ ಶೈಲಿ ಗುರುತು ಸಿಗುತ್ತೆ. ಆದರೆ ಫಿಲೋಮಿನಾಗೆ ಅಡಿಗಲ್ಲು ಬಿದ್ದಿದ್ದು 1933ರಲ್ಲಿ. ಶೆಟ್ಟಿಹಳ್ಳಿಯದ್ದು ಅದಕ್ಕಿಂತ ಸುಮಾರು 70 ವರ್ಷ ಹಿರಿದು.

ಗಾಥಿಕ್ ಗುರುತು ಕಮಾನಿನಲ್ಲಿದೆ. ನಮ್ಮ ಹಳೇ ಮನೆಗಳ ಕಮಾನು ಅರ್ಧ ಚಕ್ರದ ಹಾಗೆ ದುಂಡಗೆ ಇರುತ್ತೆ. ಇಲ್ಲಿಯದು ಕೈ ಮುಗಿದ ಹಾಗೆ ತುದಿಯಲ್ಲಿ ಚೂಪು. ಇದು ಬರೀ ಅಂದಕ್ಕಲ್ಲ. ದುಂಡು ಕಮಾನು ಮೇಲಿನ ಭಾರವನ್ನು ಪಕ್ಕದ ಗೋಡೆಗೆ ಜಾಸ್ತಿ ತಳ್ಳುತ್ತೆ, ಚೂಪು ಕಮಾನು ಹೆಚ್ಚಿನ ಭಾರವನ್ನು ಕಂಬದ ಮೂಲಕ ನೇರ ಬುಡಕ್ಕೆ ಇಳಿಸುತ್ತೆ. ಮಾಡು ಹೋಗಿ ಇಷ್ಟು ವರ್ಷವಾದರೂ ಕಂಬ-ಕಮಾನಿನ ಸಾಲು ಇನ್ನೂ ನಿಂತಿರೋದಕ್ಕೆ ಈ ಲೆಕ್ಕಾಚಾರವೂ ಒಂದು ಕಾರಣ.

ಗೋಡೆ ಇಟ್ಟಿಗೆ ಮತ್ತು ಗಾರೆಯದ್ದು. ಗಿಲಾವು ಉದುರಿದ ಕಡೆಯೆಲ್ಲ ಕೆಂಪು ಇಟ್ಟಿಗೆ ಕಾಣುತ್ತೆ. ಗಾರೆಗೆ ಬೆಲ್ಲ, ಮೊಟ್ಟೆ ಹಾಕಿ ಅರೆದಿದ್ದರು ಅನ್ನೋದು ಊರವರ ಬಾಯಲ್ಲಿರುವ ಮಾತು. ಕಟ್ಟುಕಥೆ ಅಂತ ನಗಬೇಕಿಲ್ಲ. ಸಿಮೆಂಟ್ ಬರುವ ಮುಂಚೆ ಸುಣ್ಣದ ಗಾರೆಗೆ ಬೆಲ್ಲದ ನೀರು, ಮೊಟ್ಟೆಯ ಬಿಳಿ ಬೆರೆಸೋದು ನಮ್ಮ ಕಡೆ ಇದ್ದ ರೂಢಿಯೇ.

ಪಿಕ್ನಿಕ್ ಸ್ಪಾಟ್ ಆಗುವ ಮುಂಚೆ ಇದೊಂದು ಊರಿನ ಧರ್ಮಕೇಂದ್ರ. ಭಾನುವಾರದ ಬಲಿಪೂಜೆ, ಮಕ್ಕಳ ಜ್ಞಾನಸ್ನಾನ, ಮದುವೆ, ಸಾವು ಎಲ್ಲಕ್ಕೂ ಜನ ಸೇರುತ್ತಿದ್ದುದು ಇಲ್ಲೇ. ಗೊರೂರು ಬಳಿ ಹೇಮಾವತಿಗೆ ಅಣೆಕಟ್ಟು ಎದ್ದಾಗ ಈ ಜಾಗ ಹಿನ್ನೀರಿನ ಪಾಲಾಯ್ತು. 1979ರಲ್ಲಿ ಅಣೆಕಟ್ಟು ಮುಗಿಯಿತು. ಜನ ಬೇರೆ ಕಡೆ ಹೋಗಿ ನೆಲೆ ನಿಂತರು. ಪಾತ್ರೆ-ಪಗಡ, ದನ-ಕರು ಗಾಡಿಗೆ ಹಾಕಬಹುದು, ಚರ್ಚನ್ನು ಹೇಗೆ ಹಾಕೋದು? ಹೇಮಾವತಿ ನೀರಿನಿಂದ ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗದ್ದೆ ಹಸಿರಾಗಿದ್ದು ನಿಜ. ಅದಕ್ಕೆ ಊರು ಬಿಟ್ಟುಕೊಟ್ಟವರಲ್ಲಿ ಇಲ್ಲಿಯವರೂ ಸೇರಿದ್ದಾರೆ. ರೀಲ್ಸ್‌ನಲ್ಲಿ ಇದು ಯಾರೂ ಹೇಳಲ್ಲ.

ಚರ್ಚ್ ಪೂರ್ತಿ ನೀರಲ್ಲೇ ಇದ್ದಿದ್ದರೆ ಅಥವಾ ಪೂರ್ತಿ ಒಣಗೇ ಇದ್ದಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲ. ತಿಂಗಳುಗಟ್ಟಲೆ ನೆನೆದಾಗ ಇಟ್ಟಿಗೆ ನೀರು ಕುಡಿಯುತ್ತೆ, ಗಾರೆಯೊಳಗಿನ ಸುಣ್ಣ ಸ್ವಲ್ಪ ಸ್ವಲ್ಪವೇ ಕರಗುತ್ತೆ. ಬೇಸಿಗೆಯಲ್ಲಿ ಒಣಗುವಾಗ ನೀರಿನ ಜತೆ ಬಂದ ಲವಣ ಒಳಗೇ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಪುಡಿ ಮಾಡುತ್ತೆ. ಮೇಲಿಂದ ಅಲೆಯ ಹೊಡೆತ, ಸಂದಿಯಲ್ಲಿ ಗಿಡದ ಬೇರು. ಈಚಿನ ವರ್ಷಗಳಲ್ಲಿ ಗೋಡೆಯ ಕೆಲವು ಭಾಗ ಕುಸಿದೂ ಬಿದ್ದಿದೆ. ದುರಸ್ತಿ ಮಾಡಿ ಅನ್ನೋದು ಸುಲಭ. ಬೇಸಿಗೆಯಲ್ಲಿ ಹಚ್ಚಿದ ಗಾರೆ ಗಟ್ಟಿಯಾಗುವ ಮುಂಚೆಯೇ ಮಳೆಗಾಲದ ನೀರು ಬಂದು ನಿಲ್ಲುತ್ತೆ. ಹಾಗಂತ ಸಿಮೆಂಟ್ ಬಳಿದರೆ ಹಳೇ ಇಟ್ಟಿಗೆಗೆ ಹೊಂದದೆ ಇನ್ನಷ್ಟು ಕೀಳುತ್ತೆ.

ಇದರ ಮೇಲೆ ಜನರದ್ದೂ ಕೈವಾಡ. ಕಂಬದ ಮೇಲೆ ಹೆಸರು ಕೆತ್ತೋದು, ಫೋಟೋಗೆ ಕಮಾನು ಹತ್ತೋದು, ಬಾಟಲಿ ಒಡೆಯೋದು. ಸಡಿಲಾದ ಇಟ್ಟಿಗೆ ಯಾವಾಗ ತಲೆ ಮೇಲೆ ಬೀಳುತ್ತೋ ಹೇಳೋಕಾಗಲ್ಲ. ಗೋಡೆ ಬುಡದಲ್ಲಿ ಮಕ್ಕಳನ್ನು ಕೂರಿಸಬೇಡಿ.

ಹೋಗುವವರು ದಿನಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟ ನೋಡಿಕೊಂಡು ಹೊರಡೋದು ಒಳ್ಳೆಯದು. ಹೇಮಾವತಿಯ ಗರಿಷ್ಠ ಮಟ್ಟ 2,922 ಅಡಿ. ಅದರ ಹತ್ತಿರ ಇದ್ದರೆ ದಡದಿಂದಲೇ ನೋಡಿ ವಾಪಸ್ ಬರಬೇಕು. ಚೆನ್ನಾಗಿ ಇಳಿದಿದ್ದರೆ ಚರ್ಚ್ ಒಳಗೆ ನಡೆದು ಹೋಗಿ ಬಲಿಪೀಠ ಇದ್ದ ಜಾಗದವರೆಗೂ ನೋಡಬಹುದು.