ಎರೆಯ ಗಂಧ: ಮತ್ಸ್ಯವಿನೋದದಿಂದ ಮೆದು ಪ್ಲಾಸ್ಟಿಕ್ಕಿನ ಹುಳುವಿನವರೆಗೆ

ವಿಜಯಪುರ ಜಿಲ್ಲೆಯ ಉತ್ತರದ ಎಲ್ಲೆಯಲ್ಲಿ ಭೀಮೆಯೂ ದಕ್ಷಿಣದಲ್ಲಿ ಕೃಷ್ಣೆಯೂ ಹರಿಯುತ್ತವೆ. ನಡುವಣ ಡೋಣಿಯು ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ. ಈ ಹೊಳೆಗಳ ನಡುವೆ ಹರಡಿರುವ ಕಪ್ಪು ನೆಲವನ್ನು ಅಲ್ಲಿಯ ರೈತರು ಎರೆಯ ಭೂಮಿ ಎಂದು ಕರೆಯುತ್ತಾರೆ. ಸಿಂದಗಿ ತಾಲ್ಲೂಕಿನ ಮೋರಟಗಿ ಈ ಎರೆಯ ಸೀಮೆಗೆ ಸೇರಿದ ಊರು. ಎರೆ ಎಂಬ ಶಬ್ದಕ್ಕೆ ಕನ್ನಡದಲ್ಲಿ ಮತ್ತೊಂದು ಅರ್ಥವೂ ಉಂಟು. ಮೀನನ್ನು ಸೆಳೆಯುವುದಕ್ಕಾಗಿ ಗಾಳದ ಮೊನೆಗೆ ಸಿಕ್ಕಿಸುವ ತಿನಿಸೂ ಎರೆಯೇ. ಈ ಎರಡು ಅರ್ಥಗಳಿಗೆ ಮೂಲವೊಂದೇ ಎಂದು ನಾವು ವಾದಿಸುವುದಿಲ್ಲ. ಆದರೆ ಎರಡನೆಯ ಅರ್ಥಕ್ಕೆ ತಮಿಳಿನ 'ಇರೈ' ಎಂಬ ಶಬ್ದವು ಸಮೀಪದ್ದು. ಅದಕ್ಕೆ ಆಹಾರ, ಬೇಟೆಯಾಗುವ ಜೀವಿ ಎಂದು ಅರ್ಥ. ಹೀಗೆ ನಮ್ಮ ಭಾಷೆಯ ದೃಷ್ಟಿಯಲ್ಲಿ ಎರೆ ಎಂಬುದು ಮೊದಲು ಆಹಾರ, ಆಮೇಲೆ ಮೋಸ.

ಇಂದು ಪೇಟೆಗಳಲ್ಲಿ ದೊರೆಯುವ ಮೆದು ಪ್ಲಾಸ್ಟಿಕ್ಕಿನ ಹುಳುಗಳೂ ಮರಿಮೀನುಗಳೂ ಈ ಕ್ರಮವನ್ನು ತಲೆಕೆಳಗು ಮಾಡಿವೆ. ಅವುಗಳಿಗೆ ಆಕಾರವುಂಟು, ಬಣ್ಣವುಂಟು, ನೀರಿನಲ್ಲಿ ಬಳುಕುವ ಗುಣವೂ ಉಂಟು. ತಿನಿಸಿನ ಅಂಶ ಮಾತ್ರ ಇಲ್ಲ. ಆದುದರಿಂದಲೇ ಅವುಗಳಿಗೆ ಗಂಧವನ್ನು ಹೊರಗಿನಿಂದ ಕೂಡಿಸಬೇಕಾಗಿದೆ. ಎರೆಗೂ ಅದರ ಗಂಧಕ್ಕೂ ಇರುವ ಸಂಬಂಧವು ಕಾಲಕ್ರಮದಲ್ಲಿ ಹೇಗೆ ಬದಲಾಯಿತು, ಆ ಬದಲಾವಣೆಯಲ್ಲಿ ನಾವು ಗಳಿಸಿದುದೇನು, ಕಳೆದುಕೊಂಡುದೇನು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧

ಈ ವಿಚಾರಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ಅಮೂಲ್ಯವಾದ ಆಧಾರವಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗನೂ ಭೂಲೋಕಮಲ್ಲನೆಂಬ ಬಿರುದುಳ್ಳವನೂ ಆದ ಮೂರನೆಯ ಸೋಮೇಶ್ವರನು ೧೧೨೭ರ ಸುಮಾರಿಗೆ ಪಟ್ಟವೇರಿದನು. ಅವನ ಹೆಸರಿನಲ್ಲಿರುವ 'ಮಾನಸೋಲ್ಲಾಸ'ವು 'ಅಭಿಲಷಿತಾರ್ಥಚಿಂತಾಮಣಿ' ಎಂದೂ ಪ್ರಸಿದ್ಧವಾದ ಸಂಸ್ಕೃತ ಗ್ರಂಥ. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ, ಒಟ್ಟು ನೂರು ಅಧ್ಯಾಯಗಳಲ್ಲಿ ಅದು ಹರಡಿಕೊಂಡಿದೆ. ಗ್ರಂಥದೊಳಗೇ ಬರುವ ಶಕ ೧೦೫೧ ಎಂಬ ಕಾಲಸೂಚನೆಯಿಂದ ಅದು ಕ್ರಿ. ಶ. ೧೧೨೯ರ ಸುಮಾರಿನ ರಚನೆಯೆಂದು ತಿಳಿಯುತ್ತದೆ. ರಾಜನ ವಿನೋದಗಳನ್ನು ವರ್ಣಿಸುವ ನಾಲ್ಕನೆಯ ವಿಂಶತಿಯಲ್ಲಿ 'ಮತ್ಸ್ಯವಿನೋದ'ವೆಂಬ ಭಾಗವಿದೆ. ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಈ ವಿಂಶತಿಯ ಮೂಲಪಾಠ ಅಚ್ಚಾದ ಮೇಲೆ, ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಭಾಗವನ್ನು ಕುರಿತು ಬರೆದು ಮತ್ಸ್ಯಶಾಸ್ತ್ರಜ್ಞರ ಗಮನವನ್ನು ಇದರ ಕಡೆಗೆ ಸೆಳೆದರು.

ಮತ್ಸ್ಯವಿನೋದದಲ್ಲಿ ಮೀನುಗಳನ್ನು ಅವು ಬಾಳುವ ನೀರಿನಿಂದಲೂ, ಹುರುಪೆಯುಳ್ಳವು ಮತ್ತು ಬರಿಯ ತೊಗಲಿನವು ಎಂಬ ಭೇದದಿಂದಲೂ, ಗಾತ್ರದಿಂದಲೂ ವಿಂಗಡಿಸಲಾಗಿದೆ. ಅನಂತರ ಕೋಲು, ನೂಲು, ಗಾಳ ಮೊದಲಾದ ಸಾಧನಗಳ ಮಾತು ಬರುತ್ತದೆ. ಆದರೆ ನಮ್ಮ ದೃಷ್ಟಿಗೆ ಮುಖ್ಯವಾದುದು ಆಹಾರದ ವಿಚಾರ. ಯಾವ ಮೀನಿಗೆ ಯಾವ ತಿನಿಸು ರುಚಿಸುತ್ತದೆಂಬುದನ್ನು ಬೇರೆ ಬೇರೆಯಾಗಿ ಹೇಳಿ, ಹಿಟ್ಟು, ಅನ್ನ, ಎಳ್ಳು, ಮಾಂಸ ಮುಂತಾದುವುಗಳಿಂದ ಎರೆಯನ್ನು ಸಿದ್ಧಗೊಳಿಸುವುದನ್ನು ಗ್ರಂಥವು ವಿಧಿಸುತ್ತದೆ. ಗಾಳ ಹಾಕುವ ಮೊದಲು ಆರಿಸಿದ ಮಡುವಿನಲ್ಲಿ ಮೀನುಗಳಿಗೆ ತಿನಿಸಿಕ್ಕಿ ಅವುಗಳನ್ನು ಆ ಸ್ಥಳಕ್ಕೆ ರೂಢಿಮಾಡುವ ಪದ್ಧತಿಯೂ ಅಲ್ಲಿ ಕಾಣುತ್ತದೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಇದೇ ಸೋಮೇಶ್ವರನು ಗ್ರಂಥದ ಬೇರೆ ಕಡೆ ರಾಜನ ಸ್ನಾನ, ವಿಲೇಪನ, ಧೂಪ, ತಾಂಬೂಲಗಳ ಪರಿಮಳದ್ರವ್ಯಗಳನ್ನು ವಿಸ್ತಾರವಾಗಿ ಬಣ್ಣಿಸಿದ್ದಾನೆ. ಗಂಧಯುಕ್ತಿಯೆಂಬುದು ಆ ಆಸ್ಥಾನಕ್ಕೆ ಚೆನ್ನಾಗಿ ತಿಳಿದಿದ್ದ ವಿದ್ಯೆ. ಹೀಗಿದ್ದರೂ ಮೀನಿನ ಎರೆಯ ವಿಚಾರದಲ್ಲಿ ಅವನು ಹಿಡಿದದ್ದು ತಿನಿಸಿನ ದಾರಿಯನ್ನು, ಸುಗಂಧದ ದಾರಿಯನ್ನಲ್ಲ. ಎರೆಯ ಗಂಧವು ಎರೆಯ ಒಳಗಿನಿಂದಲೇ ಬರುತ್ತಿತ್ತು. ನೀರಿಗೆ ಬಿದ್ದೊಡನೆ ಹಿಟ್ಟು ಕರಗಿ, ಎಳ್ಳಿನ ಮತ್ತು ಮಾಂಸದ ರಸ ಇಳಿದು, ಹರಿವಿನೊಡನೆ ಹಬ್ಬುತ್ತಿತ್ತು.

೨

ಇಂತಹ ಜ್ಞಾನವು ಅರಮನೆಯಲ್ಲಿ ಹುಟ್ಟಿತೆಂದು ನಂಬುವುದು ಕಷ್ಟ. ಒಂದೊಂದು ಮೀನಿನ ಊಟದ ರುಚಿಯನ್ನು ತಿಳಿಯಬೇಕಾದರೆ ಹೊಳೆಯ ದಂಡೆಯಲ್ಲಿ ತಲೆಮಾರುಗಳು ಕಳೆಯಬೇಕು. ಇದಕ್ಕೆ ಗ್ರಂಥದ ಭಾಷೆಯೇ ಒಂದು ಸೂಚನೆಯನ್ನು ಕೊಡುತ್ತದೆ. ಅನ್ನಭೋಗದ ಅಧ್ಯಾಯದಲ್ಲಿ ಬರುವ ಇಡ್ಡರಿಕಾ, ದೋಸಕ ಮುಂತಾದ ಹೆಸರುಗಳು ನಾಡಿನ ಅಡಿಗೆಮನೆಯಿಂದ ಸಂಸ್ಕೃತಕ್ಕೆ ಏರಿದವು ಎಂಬುದು ವಿದ್ವಾಂಸರಿಗೆ ವಿದಿತವಾಗಿದೆ. ಮತ್ಸ್ಯವಿನೋದದಲ್ಲಿಯೂ ರೋಹಿತ, ಪಾಠೀನಗಳಂತಹ ಕೋಶಪ್ರಸಿದ್ಧ ಹೆಸರುಗಳ ಜೊತೆಗೆ ಸಂಸ್ಕೃತ ಕೋಶಗಳಲ್ಲಿ ನೆಲೆಯಿಲ್ಲದ ಹಲವು ಹೆಸರುಗಳಿವೆ. ಅವು ಹೊಳೆಯವರ ಬಾಯಿಂದ ಬಂದುವೆಂದೇ ನಾವು ಊಹಿಸುತ್ತೇವೆ. ಕೋಶಪ್ರಸಿದ್ಧ ಹೆಸರುಗಳ ವಿಷಯದಲ್ಲಿಯೂ ಎಚ್ಚರ ಬೇಕು. ಇಂದು ರೋಹು ಎಂದು ಕರೆಯುವ ಮೀನು ಬಹುಮಟ್ಟಿಗೆ ಉತ್ತರದ ನದಿಗಳದು. ದಕ್ಷಿಣದ ಜಲಾಶಯಗಳಲ್ಲಿ ಅದನ್ನು ಬಿತ್ತಿ ಬೆಳೆಸಲಾಗುತ್ತಿದೆ. ಸೋಮೇಶ್ವರನ ರೋಹಿತವನ್ನು ಹಾಗೆಯೇ ಇಂದಿನ ರೋಹುವೆಂದು ಭಾವಿಸಿದರೆ ತಪ್ಪು ನಿರ್ಣಯಕ್ಕೆ ಎಡೆಯಾಗುತ್ತದೆ.

ಮೋರಟಗಿಯ ಸುತ್ತಿನ ಸೀಮೆಯು ಚಾಲುಕ್ಯರಿಗೆ ದೂರದ್ದಾಗಿರಲಿಲ್ಲ. ಭೀಮೆಯ ದಂಡೆಯ ತಡ್ಡೇವಾಡಿಯಿಂದ ಹೆಸರು ಪಡೆದ ತರ್ದವಾಡಿ ಸಾಸಿರವು ಅವರ ಏಳಿಗೆಯ ಮೊದಲ ನೆಲೆ. ಬಸವನ ಬಾಗೇವಾಡಿ ತಾಲ್ಲೂಕಿನ ನರಸಲಗಿಯಲ್ಲಿ ದೊರೆತ ೯೬೫ರ ಶಾಸನದ ಪ್ರಕಾರ, ರಾಷ್ಟ್ರಕೂಟರ ಸಾಮಂತನಾಗಿದ್ದಾಗಲೇ ಇಮ್ಮಡಿ ತೈಲಪನು ಆ ನಾಡನ್ನು ಆಳುತ್ತಿದ್ದನು. ಭೀಮೆ ಕೃಷ್ಣೆಗಳ ಮಡುಗಳೂ ಅಲ್ಲಿಯ ಅಂಬಿಗ, ಕಬ್ಬಲಿಗ ಮೊದಲಾದ ಹೊಳೆಯ ಜನರ ತಿಳಿವೂ ಕಲ್ಯಾಣದ ಆಸ್ಥಾನಕ್ಕೆ ನಿಲುಕುವಷ್ಟು ಸಮೀಪದಲ್ಲಿದ್ದವು. ಮತ್ಸ್ಯವಿನೋದದಲ್ಲಿ ರಾಜನ ಹೆಸರಿದೆ. ಎರೆಯನ್ನು ಕಲಸಿದವರ ಹೆಸರಿಲ್ಲ. ಈ ಕೊರತೆಯನ್ನು ತುಂಬುವುದು ನಮ್ಮಿಂದಾಗದು. ಅದನ್ನು ಮರೆಯದಿರುವುದು ನಮ್ಮ ಕರ್ತವ್ಯ.

೩

ಎರೆಗೆ ಗಂಧವನ್ನು ಬೇರೆಯಾಗಿ ಸೇರಿಸುವ ಪದ್ಧತಿಯೂ ಹಳೆಯದೇ. ಇಂಗ್ಲೆಂಡಿನಲ್ಲಿ ೧೬೫೩ರಲ್ಲಿ ಪ್ರಕಟವಾದ ಐಸಾಕ್ ವಾಲ್ಟನ್ನನ ಗಾಳಗಾರಿಕೆಯ ಪ್ರಸಿದ್ಧ ಗ್ರಂಥವು ಈ ಪದ್ಧತಿಗೆ ಸಾಕ್ಷಿ. ಎರೆಹುಳುಗಳನ್ನಿಟ್ಟ ಪಾಚಿಯ ಚೀಲದಲ್ಲಿ ಕರ್ಪೂರವನ್ನಿಡುವುದು, ಎರೆಗೆ ಘಾಟಿನ ತೈಲಗಳನ್ನು ಸವರುವುದು ಮುಂತಾದ ಉಪಾಯಗಳು ಅದರ ಬೇರೆ ಬೇರೆ ಆವೃತ್ತಿಗಳಲ್ಲಿ ಬರುತ್ತವೆ. ಆದರೆ ಅಲ್ಲಿಯೂ ಒಳಗಿನ ಹುಳು ನಿಜವಾದ ಹುಳುವೇ. ಗಂಧವು ಆಹಾರಕ್ಕೆ ಒಗ್ಗರಣೆಯಾಗಿತ್ತೇ ಹೊರತು ಆಹಾರದ ಸ್ಥಾನವನ್ನು ಆಕ್ರಮಿಸಿರಲಿಲ್ಲ.

ನಮ್ಮ ನಾಡಿನಲ್ಲಿಯೂ ಈ ಮಾತು ಸಲ್ಲುತ್ತದೆ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ಸನು ಭಾರತದ ಗಾಳಗಾರಿಕೆಯನ್ನು ಕುರಿತು ಬರೆದ ಪುಸ್ತಕವು ೧೮೭೩ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂದಿತು. ಮಹಸೀರ್ ಮೀನು ಗಂಟಲೊಳಗಿನ ಹಲ್ಲುಗಳಿಂದ ಗಟ್ಟಿಯಾದುದನ್ನೂ ಅರೆಯಬಲ್ಲುದು, ಬೇಟೆಯ ಜೀವಿಗಳನ್ನಲ್ಲದೆ ಸಸ್ಯಾಹಾರವನ್ನೂ ತಿನ್ನುವುದು ಎಂಬುದನ್ನು ಅವನು ಕಂಡುಕೊಂಡಿದ್ದನು. ಮುಂದೆ ೧೯೭೦ರ ದಶಕದ ಕೊನೆಯಿಂದ ಕಾವೇರಿಯ ಸಂಗಮ, ಭೀಮೇಶ್ವರಿಗಳ ಕಡೆಗೆ ವಿದೇಶದ ಗಾಳಗಾರರು ಬರತೊಡಗಿದಾಗ, ಅವರ ಗಾಳಗಳಿಗೆ ಸ್ಥಳೀಯರು ಸಿಕ್ಕಿಸಿಕೊಟ್ಟದ್ದು ಬೇಯಿಸಿ ಗಟ್ಟಿಮಾಡಿದ ರಾಗಿಯ ಮುದ್ದೆಯನ್ನು. ಕೆಲವರು ಅದಕ್ಕೆ ಸಂಬಾರವನ್ನೂ ಕಲಸುತ್ತಿದ್ದರು. ಸೋಮೇಶ್ವರನ ಹಿಟ್ಟಿನುಂಡೆಗೂ ಈ ರಾಗಿಯ ಮುದ್ದೆಗೂ ನಡುವೆ ಎಂಟು ಶತಮಾನಗಳ ಅಂತರವಿದ್ದರೂ ತತ್ತ್ವ ಒಂದೇ: ಮೀನು ಮೂಸಿದುದನ್ನೇ ತಿನ್ನುತ್ತಿತ್ತು.

೪

ಈ ತತ್ತ್ವದಿಂದ ನಿಜವಾದ ಬೇರ್ಪಡೆ ಉಂಟಾದುದು ೧೯೪೯ರಲ್ಲಿ. ಅಮೆರಿಕೆಯ ಓಹಾಯೋ ಸಂಸ್ಥಾನದ ಆಕ್ರನ್ ನಗರದ ನಿಕ್ ಕ್ರೀಮ್ ಎಂಬಾತನು ಮೆದು ಪ್ಲಾಸ್ಟಿಕ್ಕಿನಿಂದ ಎರೆಹುಳುವಿನ ಅಚ್ಚನ್ನು ತೆಗೆದು ಮಾರಾಟಕ್ಕೆ ತಂದನು. ಇಂತಹ ಹುಳುಗಳನ್ನು ಸಾಮಾನ್ಯವಾಗಿ ಪಿ.ವಿ.ಸಿ. ಪುಡಿಯನ್ನು ಮೆದುಗೊಳಿಸುವ ಎಣ್ಣೆಯಂತಹ ದ್ರವದಲ್ಲಿ ಕಲಸಿ, ಕಾಯಿಸಿ, ಅಚ್ಚಿಗೆ ಹೊಯ್ದು ಮಾಡುತ್ತಾರೆ. ಗಂಧವನ್ನು ಸೇರಿಸುವಾಗ ಒಂದು ವಿಚಿತ್ರವಾದ ತೊಡಕು ಎದುರಾಗುತ್ತದೆ. ಕಾದ ದ್ರವಕ್ಕೆ ನೀರಿನ ಅಂಶವುಳ್ಳ ರಸವನ್ನು ಹಾಕಿದರೆ ಅದು ಒಮ್ಮೆಲೆ ಕುದಿದು ಸಿಡಿಯುತ್ತದೆ. ಆದುದರಿಂದ ಸೋಂಪು, ಬೆಳ್ಳುಳ್ಳಿ ಮುಂತಾದುವುಗಳ ತೈಲಗಳನ್ನೇ ಆಶ್ರಯಿಸಬೇಕು. ತೈಲವು ಪ್ಲಾಸ್ಟಿಕ್ಕಿನೊಡನೆ ಬೆರೆಯುತ್ತದೆ, ನಿಜ. ಆದರೆ ಯಾವ ಗುಣದಿಂದ ಅದು ಪ್ಲಾಸ್ಟಿಕ್ಕಿಗೆ ಒಗ್ಗುತ್ತದೆಯೋ ಅದೇ ಗುಣದಿಂದ ಅದು ನೀರಿಗೆ ಒಗ್ಗುವುದಿಲ್ಲ. ಗಂಧದ ಬಹುಭಾಗವು ಹುಳುವಿನ ಒಳಗೇ ಸೆರೆಯಾಗುತ್ತದೆ.

ಈ ತೊಡಕಿನಿಂದ ಪಾರಾಗಲು ಹಲವು ಉಪಾಯಗಳನ್ನು ಹೂಡಲಾಯಿತು. ಹುಳುವಿನೊಳಗೆ ಉಪ್ಪನ್ನು ಸೇರಿಸಿದರು. ತಯಾರಾದ ಹುಳುವನ್ನು ಗಂಧದ್ರವದಲ್ಲಿ ನೆನೆಸಿದರು. ಅದರ ಮೈಗೆ ಅಂಟುವ ಲೇಪಗಳನ್ನು ಬಳಿದರು. ೧೯೮೦ರ ದಶಕದಿಂದ ಬರ್ಕ್ಲಿ ಮೊದಲಾದ ಸಂಸ್ಥೆಗಳು ರುಚಿಗಂಧಗಳನ್ನು ಒಳಗೊಂಡ ಎರೆಗಳನ್ನು ತಂದು, ಮುಂದೆ ನೀರನ್ನೇ ಆಧಾರವಾಗುಳ್ಳ, ರಸವನ್ನು ಮೆಲ್ಲಗೆ ಹೊರಬಿಡುವ ಎರೆಗಳನ್ನೂ ತಯಾರಿಸಿದವು. ವಿಜ್ಞಾನವು ಬಹಳ ಶ್ರಮದಿಂದ ಮತ್ತೆ ಕರಗುವ ಎರೆಯ ಬಳಿಗೇ ಮರಳಿತು ಎಂದರೆ ಅತಿಶಯೋಕ್ತಿಯಾಗದು.

೫

ಇದಕ್ಕೆ ಕಾರಣವು ಮೀನಿನ ಶರೀರರಚನೆಯಲ್ಲಿದೆ. ಸಾಮಾನ್ಯವಾಗಿ ಮೀನಿನ ಮೂಗು ಉಸಿರಾಟಕ್ಕಲ್ಲ. ಒಂದು ರಂಧ್ರದಿಂದ ನೀರು ಒಳಹೊಕ್ಕು, ಮಡಿಕೆಮಡಿಕೆಯಾದ ಸಂವೇದಕ ಪೊರೆಯ ಮೇಲೆ ಹಾಯ್ದು, ಇನ್ನೊಂದು ರಂಧ್ರದಿಂದ ಹೊರಬೀಳುತ್ತದೆ. ಆದುದರಿಂದ ನೀರಿನಲ್ಲಿ ಕರಗಿದುದೇ ಮೀನಿಗೆ ಮುಖ್ಯವಾಗಿ ಗಂಧವಾಗುತ್ತದೆ. ಮಾಂಸ, ಹುಳು ಮೊದಲಾದುವುಗಳಿಂದ ಇಳಿಯುವ ಅಮೈನೋ ಆಮ್ಲಗಳನ್ನು ಅದು ಅತ್ಯಲ್ಪ ಪ್ರಮಾಣದಲ್ಲಿಯೂ ಗುರುತಿಸಬಲ್ಲುದು. ಮೀಸೆಯುಳ್ಳ ಮೀನುಗಳಿಗೆ ಮೀಸೆಯ ಮೇಲೂ, ಕೆಲವಕ್ಕೆ ಮೈಯೆಲ್ಲದರ ಮೇಲೂ ರುಚಿಮೊಗ್ಗೆಗಳಿವೆ. ಗಂಧವು ದೂರದಿಂದ ಕರೆಯುತ್ತದೆ. ರುಚಿಯು ಕಚ್ಚಿದುದನ್ನು ಉಗುಳದಂತೆ ತಡೆಯುತ್ತದೆ. ಮಾರಾಟದ ಮಾತುಗಳಲ್ಲಿ ಈ ಎರಡು ಕೆಲಸಗಳನ್ನು ಬೆರೆಸಿ ಹೇಳುವುದುಂಟು. ಇತಿಹಾಸಕಾರನು ಬೇರೆ ಮಾಡಿ ನೋಡಬೇಕು.

ಗಂಧವು ಮೀನನ್ನು ಓಡಿಸಲೂಬಹುದು. ಗಾಯಗೊಂಡ ಮೀನಿನ ತೊಗಲಿನಿಂದ ಹೊರಡುವ ದ್ರವ್ಯವು ಅದೇ ಜಾತಿಯ ಇತರ ಮೀನುಗಳನ್ನು ಬೆದರಿಸುತ್ತದೆಂಬುದನ್ನು ಕಾರ್ಲ್ ಫಾನ್ ಫ್ರಿಶ್ ೧೯೩೮ರಲ್ಲಿ ಪ್ರಕಟಿಸಿದನು. ಸಸ್ತನಿಗಳ ತೊಗಲಿನಿಂದ ನೀರಿಗಿಳಿಯುವ ಸೆರೀನ್ ಎಂಬ ಅಮೈನೋ ಆಮ್ಲವು ವಲಸೆ ಹೊರಟ ಸಾಮನ್ ಮೀನುಗಳನ್ನು ಹಿಮ್ಮೆಟ್ಟಿಸುತ್ತದೆಂದು ಕೆನಡಾದ ಸಂಶೋಧಕರು ೧೯೫೬ರಲ್ಲಿ ತೋರಿಸಿದರು. ಪ್ಲಾಸ್ಟಿಕ್ಕಿನ ಹುಳುವಿಗೆ ಸವರುವ ಸೋಂಪಿನ ಎಣ್ಣೆಗೆ ಮೀನನ್ನು ಕರೆಯುವುದಕ್ಕಿಂತ ಮನುಷ್ಯನ ಕೈವಾಸನೆಯನ್ನು ಮುಚ್ಚುವ ಉಪಯೋಗವೇ ಹೆಚ್ಚೆಂದು ಅನೇಕ ಗಾಳಗಾರರು ಹೇಳುವುದು ಇದರಿಂದ ಅರ್ಥವಾಗುತ್ತದೆ.

೬

ಮೇಲಿನ ವಿವೇಚನೆಯಿಂದ ನಾವು ತಲಪುವ ನಿರ್ಣಯವಿಷ್ಟು. ಎರೆಗೆ ಗಂಧವನ್ನು ಕೂಡಿಸುವ ಕಲೆಯು ಹೊಸತಲ್ಲ. ಗಂಧವಿಲ್ಲದ ಎರೆಯೇ ಹೊಸತು. ಆಕಾರವನ್ನು ಆಹಾರದಿಂದ ಬಿಡಿಸಿದ ದಿನವೇ ಗಂಧವು ಒಂದು ಸಮಸ್ಯೆಯಾಗಿ ಹುಟ್ಟಿತು. ಹಿಟ್ಟಿನುಂಡೆ ಗಾಳದಿಂದ ಕಳಚಿಬಿದ್ದರೆ ಇನ್ನೊಂದು ಮೀನಿಗೆ ಊಟ. ಪ್ಲಾಸ್ಟಿಕ್ಕಿನ ಹುಳು ಕಳಚಿಬಿದ್ದರೆ ಅದು ಮಡುವಿನ ತಳದಲ್ಲಿ ಉಳಿಯುತ್ತದೆ. ಅದನ್ನು ನುಂಗಿದ ಮೀನಿನ ಹೊಟ್ಟೆಯಲ್ಲಿ ಕರಗದೆ ಉಬ್ಬುವುದೂ ಉಂಟು. ಅದಕ್ಕೆ ಕೂಡಿಸಿದ ಗಂಧವು ಎಷ್ಟು ಯಶಸ್ವಿಯೋ ಈ ಅಪಾಯವೂ ಅಷ್ಟು ಹೆಚ್ಚು.

ಕೃಷ್ಣೆಯ ಮೇಲೆ ನಾರಾಯಣಪುರದ ಬಸವಸಾಗರವೂ ಆಲಮಟ್ಟಿಯ ಲಾಲ್ ಬಹಾದುರ್ ಶಾಸ್ತ್ರಿ ಸಾಗರವೂ ತುಂಬಿದ ಮೇಲೆ, ಮುದ್ದೇಬಿಹಾಳ ಬಸವನ ಬಾಗೇವಾಡಿಗಳ ಕಡೆ ಹರಿಯುವ ಹೊಳೆಯು ನಿಂತ ನೀರಾಯಿತು. ನಿಂತ ನೀರು ತನ್ನಲ್ಲಿ ಬಿದ್ದುದನ್ನು ಬೇಗನೆ ಹೊರಹಾಕುವುದಿಲ್ಲ. ಆ ನೀರನ್ನೇ ನಂಬಿ ಹರಿಗೋಲು ನಡೆಸಿ ಬಲೆ ಬೀಸುವ ಕುಟುಂಬಗಳಿವೆ. ಗಾಳವು ಕೆಲವರಿಗೆ ವಿನೋದ. ಮೀನು ಇವರಿಗೆ ಅನ್ನ. ಆದುದರಿಂದ ಮೀನಿನ ಎರೆಯನ್ನು ಕುರಿತ ಸಂಶೋಧನೆಯು ಪುಸ್ತಕದ ಎರಡು ರಟ್ಟುಗಳ ನಡುವೆ ಮುಗಿಯತಕ್ಕುದಲ್ಲ. ಯಾವ ಹೊಳೆಯಲ್ಲಿ ಯಾವ ಮೀನು ಯಾವ ಕಾಲದಲ್ಲಿ ಯಾವ ತಿನಿಸಿಗೆ ಬರುತ್ತದೆಂಬುದನ್ನು ಬಲ್ಲ ಹಿರಿಯರು ಭೀಮೆಯ ಮತ್ತು ಕೃಷ್ಣೆಯ ದಂಡೆಗಳಲ್ಲಿ ಇನ್ನೂ ಇದ್ದಾರೆ. ಅವರಿಂದ ಮೀನಿನ ಹೆಸರುಗಳನ್ನೂ ಎರೆಯ ಪಾಕಗಳನ್ನೂ ಕೇಳಿ, ಹೇಳಿದವರ ಹೆಸರಿನೊಡನೆ ಬರೆದಿಡುವುದು ನಮ್ಮ ವಿಭಾಗಗಳ ಕೆಲಸವಾಗಬೇಕು. ಸೋಮೇಶ್ವರನ ಗ್ರಂಥವು ಎರೆಯನ್ನು ಉಳಿಸಿಕೊಟ್ಟಿತು, ಕಲಸಿದ ಕೈಗಳನ್ನು ಬಿಟ್ಟಿತು. ಆ ಲೋಪವು ಎರಡನೆಯ ಸಲ ನಮ್ಮಿಂದ ಆಗಬಾರದು.