ತೇಲುವ ರೈಲು ಮತ್ತು ಓಯಿ ಹೊಳೆ

ಜಪಾನಿನ ವೇಗದ ರೈಲಿನ ಮಾತು ಬಂದರೆ ಪಾಠ ಹೇಳುವ ನಾವು 1964 ಎಂದು ಬೋರ್ಡಿನ ಮೇಲೆ ಬರೆದು ಮುಂದೆ ಹೋಗಿಬಿಡುತ್ತೇವೆ. ಆ ವರ್ಷದ ಅಕ್ಟೋಬರ್ 1ರಂದು ಟೋಕಿಯೋ ಮತ್ತು ಒಸಾಕಾ ನಡುವೆ ಶಿಂಕಾನ್‌ಸೆನ್ ಓಡಿತು, ಲೋಕವೆಲ್ಲ ಬೆರಗಾಯಿತು. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅದಲ್ಲ. ಅದೇ ಊರುಗಳ ನಡುವೆ ಅವರು ಹಾಕಿಕೊಂಡಿರುವ, ಇನ್ನೂ ಜನರಿಗೆ ದಕ್ಕದ, ತೇಲುವ ರೈಲಿನ ಕಥೆ.

ಈ ರೈಲಿಗೆ ಚಕ್ರವಿದೆ, ಆದರೆ ಹೊರಡುವಾಗ ಮತ್ತು ನಿಲ್ಲುವಾಗ ಮಾತ್ರ. ವೇಗ ಗಂಟೆಗೆ 150 ಕಿ.ಮೀ. ದಾಟಿದ ಮೇಲೆ ವಿಮಾನದ ಹಾಗೆ ಚಕ್ರ ಮೇಲೆಳೆದುಕೊಂಡು ಸುಮಾರು 10 ಸೆಂ.ಮೀ. ಎತ್ತರದಲ್ಲಿ ತೇಲುತ್ತದೆ. ಬೋಗಿಯೊಳಗಿನ ತಂತಿಸುರುಳಿಗಳನ್ನು ದ್ರವ ಹೀಲಿಯಂನಿಂದ ಮೈನಸ್ 269 ಡಿಗ್ರಿಗೆ ತಣಿಸಿ ಭಾರಿ ಅಯಸ್ಕಾಂತಗಳನ್ನಾಗಿ ಮಾಡುತ್ತಾರೆ. ಅಕ್ಕಪಕ್ಕದ ಗೋಡೆಗಳಲ್ಲಿರುವ ಸುರುಳಿಗಳು ಅದನ್ನು ಎತ್ತಿ ಹಿಡಿಯುತ್ತವೆ, ಮುಂದಕ್ಕೂ ಎಳೆಯುತ್ತವೆ. 1997ರಲ್ಲಿ ಯಮನಾಶಿಯಲ್ಲಿ ದೊಡ್ಡ ಪರೀಕ್ಷಾ ಮಾರ್ಗ ಶುರುವಾಯಿತು. 2015ರ ಏಪ್ರಿಲ್‌ನಲ್ಲಿ ಅಲ್ಲಿ ರೈಲು ಗಂಟೆಗೆ 603 ಕಿ.ಮೀ. ಓಡಿ ದಾಖಲೆ ಮಾಡಿತು.

ಜೆ.ಆರ್. ಸೆಂಟ್ರಲ್ ಎಂಬ ರೈಲು ಕಂಪನಿ 2007ರಲ್ಲಿ ಈ ಮಾರ್ಗವನ್ನು ತನ್ನ ಹಣದಿಂದಲೇ ಕಟ್ಟುವುದಾಗಿ ಹೇಳಿತು. 2014ರಲ್ಲಿ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಟೋಕಿಯೋದಿಂದ ನಾಗೋಯಾಕ್ಕೆ 286 ಕಿ.ಮೀ., 40 ನಿಮಿಷ. ಮುಂದೆ ಒಸಾಕಾದವರೆಗೆ 67 ನಿಮಿಷ. 2027ಕ್ಕೆ ನಾಗೋಯಾ ತಲುಪಬೇಕೆಂದು ಲೆಕ್ಕ. ದಾರಿ ನೆಟ್ಟಗಿರಬೇಕಾದ್ದರಿಂದ ಬಹುಪಾಲು ಸುರಂಗವೇ. ಎತ್ತರದ ದಕ್ಷಿಣ ಆಲ್ಪ್ಸ್ ಬೆಟ್ಟಗಳನ್ನು ಕೊರೆಯುವ ಸುಮಾರು 25 ಕಿ.ಮೀ. ಸುರಂಗದ ನಡುವಿನ ಒಂದು ತುಂಡು, 10 ಕಿ.ಮೀ.ಗಿಂತ ತುಸು ಹೆಚ್ಚು, ಶಿಜುವೋಕಾ ಪ್ರಾಂತದ ಉತ್ತರ ತುದಿಯಲ್ಲಿ ಹಾದು ಹೋಗುತ್ತದೆ.

ಆ ಪ್ರಾಂತಕ್ಕೆ ಈ ಮಾರ್ಗದಲ್ಲಿ ಒಂದು ನಿಲ್ದಾಣವೂ ಇಲ್ಲ. ಹಳೆಯ ಶಿಂಕಾನ್‌ಸೆನ್ನಿನ ಆರು ನಿಲ್ದಾಣಗಳು ಅಲ್ಲಿವೆ, ಆದರೆ ಅತಿ ವೇಗದ ‘ನೊಝೊಮಿ’ ಅವುಗಳಲ್ಲಿ ಯಾವುದರಲ್ಲೂ ನಿಲ್ಲುವುದಿಲ್ಲ. ಬೇರೆಯವರ ಮದುವೆಯ ದಿಬ್ಬಣಕ್ಕೆ ನಮ್ಮ ಹಿತ್ತಿಲಲ್ಲಿ ದಾರಿ ಬಿಡಿ ಎಂದ ಹಾಗೆ! ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದರೋ ಏನೋ. ಸುರಂಗ ಹೋಗುವುದು ಓಯಿ ಹೊಳೆಯ ಮೂಲದ ಅಡಿಯಲ್ಲಿ. ಸುರಂಗಕ್ಕೆ ಜಿನುಗುವ ನೀರಿನಿಂದ ಹೊಳೆಯ ಹರಿವು ಸೆಕೆಂಡಿಗೆ 2 ಟನ್ನಿನವರೆಗೆ ಕಡಿಮೆಯಾಗಬಹುದು ಎಂದು 2013ರಲ್ಲಿ ಕಂಪನಿಯೇ ಅಂದಾಜು ಕೊಟ್ಟಿತ್ತು. ನಮ್ಮ 15 ಲೀಟರಿನ ಕೊಡದಲ್ಲಿ ಅಳೆದರೆ ಒಂದೊಂದು ಸೆಕೆಂಡಿಗೆ 130ಕ್ಕೂ ಹೆಚ್ಚು ಕೊಡ. ಕೆಳಗಿನ ಬಯಲಿನಲ್ಲಿ ಸುಮಾರು 6 ಲಕ್ಷ ಜನ ಕುಡಿಯುವುದು ಆ ಹೊಳೆಯ ನೀರನ್ನು.

ಆ ಹೊಳೆಯ ಚರಿತ್ರೆಯೂ ಸಾಮಾನ್ಯದ್ದಲ್ಲ. ತೊಕುಗಾವಾ ದೊರೆಗಳ ಕಾಲದಲ್ಲಿ ಅದಕ್ಕೆ ಸೇತುವೆ ಇರಲಿಲ್ಲ, ದೋಣಿಯೂ ಕೂಡದು. ಪ್ರಯಾಣಿಕರನ್ನು ಕೂಲಿಯವರು ಹೆಗಲ ಮೇಲೆ ಹೊತ್ತು ದಾಟಿಸುತ್ತಿದ್ದರು. 1870ರಲ್ಲಿ ಆ ಪದ್ಧತಿ ಹೋಯಿತು, ಹೊರುವವರ ಹೊಟ್ಟೆಪಾಡೂ ಹೋಯಿತು. ಅವರಲ್ಲಿ ಕೆಲವರು, ಕತ್ತಿ ಕೆಳಗಿಟ್ಟ ಸಮುರಾಯಿಗಳ ಹಾಗೆಯೇ, ಹತ್ತಿರದ ಮಕಿನೊಹಾರಾ ದಿಣ್ಣೆಯಲ್ಲಿ ಚಹಾ ಗಿಡ ನೆಟ್ಟರು. ಶಿಜುವೋಕಾದ ಚಹಾ ಜಪಾನಿನಲ್ಲೆಲ್ಲ ಹೆಸರುವಾಸಿ. ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟುಗಳು ಬಂದು ಹೊಳೆ ಎಷ್ಟೋ ಕಡೆ ಬರೀ ಕಲ್ಲಿನ ಹಾಸಾಯಿತು. ‘ನಮ್ಮ ನೀರು ನಮಗೆ ಕೊಡಿ’ ಎಂದು 1980ರ ದಶಕದಲ್ಲಿ ಅಲ್ಲಿಯ ಜನ ಹೋರಾಡಬೇಕಾಯಿತು.

ಇನ್ನೂ ಹಳೆಯ ಗಾಯವೊಂದಿತ್ತು. ಇದೇ ಪ್ರಾಂತದ ಪೂರ್ವದಲ್ಲಿ 1918ರಲ್ಲಿ ರೈಲಿಗಾಗಿ ತನ್ನಾ ಸುರಂಗ ಕೊರೆಯತೊಡಗಿದರು. ಉದ್ದ 7.8 ಕಿ.ಮೀ. ಏಳು ವರ್ಷದ ಕೆಲಸವೆಂದುಕೊಂಡದ್ದು ಹದಿನಾರು ವರ್ಷ ಹಿಡಿಯಿತು, 67 ಜನ ಸತ್ತರು. ಈ ಲೆಕ್ಕ ಇಂಜಿನಿಯರರ ಪುಸ್ತಕಗಳಲ್ಲೂ ಸಿಗುತ್ತದೆ. ಸುರಂಗದ ಮೇಲಿದ್ದ ತನ್ನಾ ಎಂಬ ಕಣಿವೆಗೆ ಏನಾಯಿತು ಎಂಬುದಕ್ಕೆ ಅಷ್ಟು ಜಾಗ ಸಿಗುವುದಿಲ್ಲ. ಅದು ನೀರಿನ ಸೆಲೆಗಳ ಊರು. ಭತ್ತ ಬೆಳೆಯುತ್ತಿದ್ದರು, ಹರಿಯುವ ತಣ್ಣೀರು ಬೇಡುವ ವಸಾಬಿ ಎಂಬ ಖಾರದ ಗೆಡ್ಡೆ ಬೆಳೆಯುತ್ತಿದ್ದರು. ಕೆಳಗೆ ಕೊರೆಯುತ್ತ ಹೋದಂತೆ ಮೇಲೆ ಸೆಲೆಗಳು ಒಂದೊಂದಾಗಿ ಬತ್ತಿದವು, ಗದ್ದೆ ಬಿರುಕುಬಿಟ್ಟಿತು. ರೈತರು ಜಗಳವಾಡಿ ಪರಿಹಾರ ಪಡೆದರು, ಹಣ ಬಂತು, ಸೆಲೆ ಬರಲಿಲ್ಲ. ಮೊದಲೇ ಅಷ್ಟಿಷ್ಟು ಇದ್ದ ಹೈನುಗಾರಿಕೆಯೇ ಮುಂದೆ ಊರಿನ ಮುಖ್ಯ ಕಸುಬಾಯಿತು. ತನ್ನಾ ಹಾಲು ಅಂದರೆ ಆ ಕಡೆ ಈಗ ಒಳ್ಳೆಯ ಹೆಸರು. ಹಾಲಿನ ಹೆಸರು ಕೇಳಿದವರಿಗೆ ಭತ್ತದ ನೆನಪು ಎಲ್ಲಿಂದ ಬರಬೇಕು ಹೇಳಿ?

ಹೀಗಾಗಿ ಹೊಸ ಸುರಂಗಕ್ಕೆ ಶಿಜುವೋಕಾದ ಗವರ್ನರ್ ಕವಾಕಾತ್ಸು ಹೇಯ್ತಾ ಒಪ್ಪಿಗೆ ಕೊಡದೆ ಕುಳಿತರು. ಅವರು ಮೂಲತಃ ಆರ್ಥಿಕ ಇತಿಹಾಸದ ಪ್ರಾಧ್ಯಾಪಕರು. ಜಿನುಗಿದ ನೀರನ್ನೆಲ್ಲ ಹೊಳೆಗೆ ಹಿಂತಿರುಗಿಸುತ್ತೇವೆ ಎಂದು 2018ರಲ್ಲಿ ಕಂಪನಿ ಹೇಳಿತು. ಮರುವರ್ಷ, ಕೆಲಸ ನಡೆಯುವಾಗ ಸ್ವಲ್ಪ ಕಾಲ ನೀರು ಪಕ್ಕದ ಪ್ರಾಂತಕ್ಕೆ ಹರಿದುಹೋಗುವುದು ಅನಿವಾರ್ಯ ಎಂದಿತು. ಅಲ್ಲಿಗೆ ನಂಬಿಕೆಯೇ ಸಡಿಲವಾಯಿತು. ಅಭಿವೃದ್ಧಿಗೆ ಅಡ್ಡಗಾಲು ಎಂದು ಗವರ್ನರನ್ನು ಬೈದವರು ಬಹಳ. ಅವರು ಹಟವಾದಿ ಎನ್ನುವುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಅವರು ಕೇಳಿದ ಪ್ರಶ್ನೆ ತನ್ನಾದ ರೈತರು ಕೇಳಬೇಕಿದ್ದ ಪ್ರಶ್ನೆ, ಆಗ ಅದನ್ನು ಮುಂಚಿತವಾಗಿ ಕೇಳುವವರೇ ಇರಲಿಲ್ಲ.

2024ರ ಮಾರ್ಚ್ 29ರಂದು ಕಂಪನಿ 2027ರ ಮಾತನ್ನು ಕೈಬಿಟ್ಟಿತು. 2034ಕ್ಕೆ ಮೊದಲು ರೈಲು ಸಾಧ್ಯವಿಲ್ಲ ಎಂದಿತು. ನಾಲ್ಕೇ ದಿನದಲ್ಲಿ ಗವರ್ನರ್ ರಾಜೀನಾಮೆಯ ಮಾತಾಡಿದರು. ಕಾರಣ ನೀರಲ್ಲ, ನಾಲಿಗೆ. ಹೊಸದಾಗಿ ಸೇರಿದ ನೌಕರರಿಗೆ ಅವರು, ನೀವು ತರಕಾರಿ ಮಾರುವವರ ಹಾಗೆ, ದನ ಸಾಕುವವರ ಹಾಗೆ ಅಲ್ಲ, ಬುದ್ಧಿವಂತರು ಎಂಬರ್ಥದ ಮಾತಾಡಿ ಸಿಕ್ಕಿಬಿದ್ದಿದ್ದರು. ಚಹಾ ತೋಟದವರ ನೀರಿಗಾಗಿ ಅಷ್ಟು ವರ್ಷ ಹಟ ಹಿಡಿದ ಮನುಷ್ಯನ ಬಾಯಲ್ಲಿ ಇಂಥ ಮಾತೇ ಎಂದು ನನಗೆ ಬೇಸರವಾಯಿತು. ತನ್ನಾದವರು ಬದುಕಿಕೊಂಡದ್ದು ದನ ಸಾಕಿಯೇ ಅಲ್ಲವೆ?

ಆ ಮೇ ತಿಂಗಳಲ್ಲಿ ಗೆದ್ದು ಬಂದ ಸುಜುಕಿ ಯಾಸುತೊಮೊ ಯೋಜನೆಯ ಪರವಾದವರು. ಅವರೂ ಮೊದಲು ಹೊಳೆಯ ವಿಷಯ ತೀರ್ಮಾನವಾಗಲಿ ಎಂದರು. ಓಯಿಯ ಮೇಲ್ಭಾಗದಲ್ಲಿ ತಾಶಿರೊ ಎಂಬ ಅಣೆಕಟ್ಟಿದೆ. ಅಲ್ಲಿಂದ ವಿದ್ಯುತ್ತಿಗಾಗಿ ಪಕ್ಕದ ಪ್ರಾಂತಕ್ಕೆ ನೀರು ಹೋಗುತ್ತದೆ. ಸುರಂಗದ ಕೆಲಸದಲ್ಲಿ ಹೊರಗೆ ಹರಿದಷ್ಟು ನೀರನ್ನು ಅಲ್ಲಿ ಕಡಿಮೆ ತೆಗೆದು ಸರಿದೂಗಿಸುವ ಏರ್ಪಾಡಿಗೆ 2023ರಲ್ಲೇ ಒಪ್ಪಂದವಾಗಿತ್ತು. ಈ ನಡುವೆ ನಾಗೋಯಾವರೆಗಿನ ಖರ್ಚಿನ ಅಂದಾಜು 5.5 ಲಕ್ಷ ಕೋಟಿ ಯೆನ್ನಿನಿಂದ ಏರುತ್ತ ಏರುತ್ತ 2025ರ ಹೊತ್ತಿಗೆ 11 ಲಕ್ಷ ಕೋಟಿ ಮುಟ್ಟಿತು.