ಸೊಸೈಟಿ ನಮ್ಮದು, ಸರಕಾರ ಎಲ್ಲೀತನಕ?

ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಸದಸ್ಯ ಬಾಂಧವರ ಮುಂದೆ ಒಂದು ಹಳೆಯ ಪ್ರಶ್ನೆಯನ್ನು ಇಡಬಯಸುತ್ತೇವೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಯಾವ ಪ್ಯಾಟಿಗೆ ಹೋದರೂ ಚಹಾದಂಗಡಿಯಲ್ಲಿ ಎರಡು ಮಾತು ಕೇಳುತ್ತವೆ. ಒಬ್ಬರು ‘ಎಲ್ಲಾದಕ್ಕೂ ಸರಕಾರ ಯಾಕ ಕೈ ಹಾಕತೈತಿ?’ ಅಂದರೆ, ಇನ್ನೊಬ್ಬರು ‘ಸರಕಾರ ಎಲ್ಲಿ ಮಲಗೈತಿ?’ ಅನ್ನುತ್ತಾರೆ. ಸಹಕಾರ ಚಳವಳಿಯ ಇತಿಹಾಸವೆಂದರೆ ಈ ಎರಡು ಮಾತುಗಳ ಜಗ್ಗಾಟವೇ ಸರಿ.

1904ರಲ್ಲಿ ಬ್ರಿಟಿಷ್ ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ತಂದಿತು. ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ ಸಂಘ ಹುಟ್ಟಿತು. ಗದಗವೂ ನಮ್ಮ ಭಾಗವೂ ಆಗ ಒಂದೇ ಧಾರವಾಡ ಜಿಲ್ಲೆಯಲ್ಲಿದ್ದವು. ಕಾಯಿದೆ ಸರಕಾರದ್ದು, ನಂಬಿಕೆ, ಜವಾಬುದಾರಿ ಊರವರದು.

ಸ್ವಾತಂತ್ರ್ಯಾನಂತರ, 1954ರಲ್ಲಿ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ವರದಿ ಬಂದಿತು. ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಸುಮಾರು 3 ಮಾತ್ರ, ಬಹುಪಾಲು ಸಾವಕಾರರದು. ಆದ್ದರಿಂದ ಸರಕಾರವೇ ಷೇರು ಹಾಕಿ ಪಾಲುದಾರನಾಗಲಿ ಎಂದು ಸಮಿತಿ ಹೇಳಿತು. ರೊಕ್ಕ ಬಂತು, ರೊಕ್ಕದ ಬೆನ್ನಿಗೆ ಹಿಡಿತವೂ ಬಂತು. 1959ರ ರಾಜ್ಯ ಸಹಕಾರ ಸಂಘಗಳ ಕಾಯಿದೆಯಲ್ಲಿ ಆಡಳಿತ ಮಂಡಳಿಯನ್ನು ತೆಗೆದು ಆಡಳಿತಾಧಿಕಾರಿಯನ್ನು ಕೂಡ್ರಿಸುವ ಅಧಿಕಾರ ಇಲಾಖೆಗಿದೆ. ಇದು ಅತಿಯಾಯಿತೆಂಬ ಕೂಗಿನಿಂದ 1997ರ ಸೌಹಾರ್ದ ಸಹಕಾರಿ ಕಾಯಿದೆ ರೂಪುಗೊಂಡು 2001ರಲ್ಲಿ ಜಾರಿಗೆ ಬಂದಿತು. 2011ರ 97ನೆಯ ಸಂವಿಧಾನ ತಿದ್ದುಪಡಿಯಿಂದ ಸಹಕಾರ ಸಂಘ ಕಟ್ಟುವುದು ಮೂಲಭೂತ ಹಕ್ಕಾಯಿತು. ಆದರೆ ಸಂಘಗಳ ಆಡಳಿತದ ಬಗ್ಗೆ ಅದರಲ್ಲಿದ್ದ ಭಾಗವನ್ನು 2021ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳ ಸಂಘಗಳ ಮಟ್ಟಿಗೆ ಒಪ್ಪಲಿಲ್ಲ. ಬೇಕಾದಷ್ಟು ರಾಜ್ಯಗಳ ಅನುಮೋದನೆ ಪಡೆದಿರಲಿಲ್ಲವೆಂಬುದೇ ಕಾರಣ.

ಹಾಗಾದರೆ ಸರಕಾರವೇ ಬೇಡವೇ? 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಪ್ರಾಣ ಕಳೆದುಕೊಂಡರು. ಬಿತ್ತುವ ಹೊತ್ತಿಗೆ ಗೊಬ್ಬರ ಸಾಲದಾಯಿತು, ಗುಂಡು ಮಾತ್ರ ಬಂತು. 2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ಸಿಟ್ಟಿಗೆದ್ದವರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಸರಕಾರ ಇರಬೇಕಾದಲ್ಲಿ ಇರದಿದ್ದರೂ ಕಷ್ಟವೇ.

ನಮ್ಮಲ್ಲೂ ತಪ್ಪಿದೆ, ಮುಚ್ಚಿಡುವುದು ಬೇಡ. ಸಾಲಮನ್ನಾ ಬಂದಾಗ ಸರಕಾರ ತಾಯಿ. ಆಡಿಟ್ ಬಂದಾಗ ಮಲತಾಯಿ! ವಾರ್ಷಿಕ ಸಭೆಗೆ ಬಾರದೆ, ಲೆಕ್ಕ ಕೇಳದೆ, ತಗೊಂಡ ಸಾಲ ಕಟ್ಟದೆ ‘ಸರಕಾರ ದೂರ ಇರಲಿ’ ಎನ್ನುವ ಹಕ್ಕು ನಮಗೆಲ್ಲಿಯದು? ಹೊಲದ ಬದು ನಾವು ಕಾಯದಿದ್ದರೆ ಬಾಜೂದವರು ಉಳುತ್ತಾರೆ. ಸರಕಾರ ಎಲ್ಲೀತನಕ ಬರಬೇಕೆಂಬುದನ್ನು ಬಹಳಮಟ್ಟಿಗೆ ನಮ್ಮ ಹಾಜರಿಯೇ ಗೊತ್ತುಮಾಡುತ್ತದೆ.

ಸರ್ವ ಸದಸ್ಯರಿಗೂ ಬೆಳ್ಳಿಹಬ್ಬದ ಶುಭಾಶಯಗಳು. ಮುಂದಿನ ಸಭೆಗೆ ತಪ್ಪದೆ ಬರ್ರಿ.